ತೊಟ್ಟಿಲ ಕೂಸಿನ ಕಿವಿ

ನಮ್ಮ ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಮನೆಗಳ ಮಾತು ತೆಲುಗು. ಅಜ್ಜಿ ‘ಪಾಲು’ ಎಂದರೆ ನೆರೆಯಾಕೆ ‘ಹಾಲು’ ಎನ್ನುವಳು; ಅಲ್ಲಿ ಪುಲಿ, ಇಲ್ಲಿ ಹುಲಿ. ಮಾಲೂರಿನ ಗಡಿಯಲ್ಲಾದರೆ ತಮಿಳಿನ ‘ಪಾಲ್’ ಕೂಡ ಸೇರೀತು. ಇದರಿಂದ ಮಗುವಿನ ನುಡಿ ಕೆಟ್ಟೀತೆಂದು ಅಂಜಿ, ಮನೆಮಾತನ್ನೇ ಬಿಡುವವರುಂಟು. ಈ ಅಂಜಿಕೆಗೆ ಆಧಾರವಿಲ್ಲವೆಂದೇ ನನ್ನ ಎಣಿಕೆ.

ಕಿವಿಯ ಪಾಠ ಬಾಯಿಗಿಂತ ಮೊದಲೇ ಆರಂಭವಾಗುತ್ತದೆ. ಕೆನಡಾದ ವರ್ಕರ್ ಮತ್ತು ಟೀಸ್ ಎಂಬ ವಿದ್ವಾಂಸರು 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಗ್ಲಿಷ್ ಮನೆಗಳ 6-8 ತಿಂಗಳ ಶಿಶುಗಳಲ್ಲಿ ಬಹುಪಾಲು ಹಿಂದಿಯ ತಕಾರ-ಟಕಾರಗಳ ಭೇದವನ್ನು ಗುರುತಿಸಿದುವು. ವರ್ಷ ತುಂಬುವ ವೇಳೆಗೆ ಆ ಶಕ್ತಿ ಬಹುಮಟ್ಟಿಗೆ ಕುಂದಿತ್ತು. ಕಿವಿಗೆ ಬೀಳದ ಭೇದ ಮಸುಕಾಯಿತು, ಅಷ್ಟೆ. ‘ಕತ್ತು’, ‘ಕಟ್ಟು’ಗಳನ್ನು ದಿನವೂ ಕೇಳುವ ನಮ್ಮ ಕೂಸಿಗೆ ಆ ನಷ್ಟವಿಲ್ಲ. (ನಮ್ಮ ಇಂಗ್ಲಿಷ್ ಉಚ್ಚಾರಣೆಗೆ ನಗುವವರು ಇದನ್ನು ಗಮನಿಸಬೇಕು!) ಮುಂದೆ ಮಗು ಎರಡು ನುಡಿಗಳನ್ನು ಬೆರೆಸಿ ಆಡಿದರೂ ಅದು ಗೊಂದಲವಲ್ಲ, ಮನೆಯ ಹಿರಿಯರೂ ಹಾಗೆಯೇ ಆಡುತ್ತಾರಲ್ಲವೆ?