ಒಂದು ಓಟಿನ ತೂಕ

ಸದಸ್ಯ ಬಾಂಧವರ ಮಕ್ಕಳಿಗಾಗಿ ಈ ಪಾಠ.

ನಮ್ಮ ಸಂಘಕ್ಕೆ ಐವತ್ತು ಕ್ವಿಂಟಲ್ ಅಡಿಕೆ ಹಾಕುವವರಿಗೂ ಐದು ಕ್ವಿಂಟಲ್ ಹಾಕುವವರಿಗೂ ಒಂದೇ ಓಟು. ಷೇರು ಹೆಚ್ಚಿದ್ದರೆ ಡಿವಿಡೆಂಡು ಹೆಚ್ಚೀತು, ಓಟು ಹೆಚ್ಚದು. ದೇಶದ ಚುನಾವಣೆಯಲ್ಲೂ ಹಾಗೆಯೇ. ತೋಟದ ಯಜಮಾನರಿಗೆ ಒಂದು, ಕಾಫಿ ಹಣ್ಣು ಕೊಯ್ಯುವ ಆಳಿಗೂ ಒಂದು. 18 ವರ್ಷ ತುಂಬಿ, ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. (1989ಕ್ಕೆ ಮುಂಚೆ 21 ತುಂಬಬೇಕಿತ್ತು.) ಒಬ್ಬರೇ ಎರಡು ಸಲ ಹಾಕದಂತೆ ಎಡಗೈ ತೋರುಬೆರಳಿಗೆ ಶಾಯಿ ಹಚ್ಚುತ್ತಾರೆ. ಆ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲೇ.

ಯಾರಿಗೆ ಹಾಕಿದಿರೆಂದು ಕೇಳುವ ಹಕ್ಕು ಅಪ್ಪನಿಗೂ ಇಲ್ಲ, ಧಣಿಗೂ ಇಲ್ಲ.

ಎಣಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬರಬೇಕೆಂದೇನಿಲ್ಲ. ಉಳಿದ ಪ್ರತಿಯೊಬ್ಬರಿಗಿಂತ ಒಂದು ಹೆಚ್ಚು ಬಂದರೆ ಗೆಲುವು. "ಇಷ್ಟು ಜನರಲ್ಲಿ ನನ್ನದೊಂದು ಯಾವ ಲೆಕ್ಕ?" ಎನ್ನುವವರುಂಟು. 2004ರ ವಿಧಾನಸಭಾ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಸಂತೆಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಆ ದಿನ "ನಾಳೆ ನೋಡೋಣ" ಎಂದು ಮನೆಯಲ್ಲೇ ಉಳಿದವರು ಆ ಕ್ಷೇತ್ರದಲ್ಲಿ ಎಷ್ಟು ಜನರಿದ್ದರೋ!

ಓದುತ್ತಿರುವ ಹಿರಿಯರಿಗೂ ಒಂದು ಮಾತು. ಮತದಾನದ ದಿನ ಮತದಾರರಾದ ಕೆಲಸಗಾರರಿಗೆ ಸಂಬಳ ಸಹಿತ ರಜೆ ಕೊಡಬೇಕೆಂದು ಕಾನೂನೇ ಇದೆ. ಗೊಬ್ಬರ ಹಾಕಿಸುವುದು ಮರುದಿನವೂ ಆದೀತು.