ಜರ್ಮನಿಯಲ್ಲೊಂದು ಸೆಮಿಸ್ಟರ್: ಬಿಸಿನೆಸ್ ವಿದ್ಯಾರ್ಥಿಗಳಿಗೆ

ವಿನಿಮಯ ಒಪ್ಪಂದದಡಿ ಜರ್ಮನಿಗೆ ಹೋಗುವ ವಿದ್ಯಾರ್ಥಿಗಳು ಬೋಧನಾ ಶುಲ್ಕವನ್ನು ಸಾಮಾನ್ಯವಾಗಿ ತಮ್ಮ ಕಾಲೇಜಿಗೇ ಕಟ್ಟುತ್ತಾರೆ. ಜೇಬಿಗೆ ಭಾರವಾಗುವುದು ಬಾಡಿಗೆ, ಊಟ, ಆರೋಗ್ಯ ವಿಮೆ. 90 ದಿನ ಮೀರುವ ವಾಸಕ್ಕೆ ಷೆಂಗೆನ್ ಪ್ರವಾಸಿ ವೀಸಾ ಸಾಲದು. ರಾಷ್ಟ್ರೀಯ ವೀಸಾ ಬೇಕು. ಅದಕ್ಕೆ ಹಣಬಲದ ಪುರಾವೆಯೂ ಬೇಕು. 2024ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದ ಮೊತ್ತ ತಿಂಗಳಿಗೆ 992 ಯೂರೊ.

ನಿಜವಾದ ತಲೆನೋವು ಮನೆ. ವಾಸಕ್ಕೆ ಬಂದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮಾಲೀಕರ ಲಿಖಿತ ದೃಢೀಕರಣ ಕಡ್ಡಾಯ. ಆ ಪತ್ರ ಕೊಡಲು ಹಿಂಜರಿಯುವ ಮನೆ ಎಷ್ಟೇ ಅಗ್ಗವಾದರೂ ಬೇಡ.

ಪೂರ್ಣ ಸೆಮಿಸ್ಟರ್ ಎಂದರೆ 30 ಯುರೋಪಿಯನ್ ಕ್ರೆಡಿಟ್. ಯಾವ ವಿಷಯಕ್ಕೆ ಎಷ್ಟು ಮಾನ್ಯತೆ ಎಂಬುದನ್ನು ಹೊರಡುವ ಮೊದಲೇ ಎರಡೂ ಕಡೆ ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳುವುದು ಜಾಣತನ. ಬಾಯಿಮಾತಿನ ಭರವಸೆ ಅಂಕಪಟ್ಟಿಗೆ ಇಳಿಯುವುದಿಲ್ಲ. ಜರ್ಮನಿಯ ಅಂಕಪದ್ಧತಿಯಲ್ಲಿ 1.0 ಅತ್ಯುತ್ತಮ, 4.0 ಕೊನೆಯ ಪಾಸು. 1.3 ಕಂಡು ಮನೆಯವರು ಗಾಬರಿಯಾಗಬೇಕಿಲ್ಲ!

ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ತರಗತಿಗಳು ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ. ಆದರೆ ಮಾನ್‌ಹೈಮ್ ವಿಶ್ವವಿದ್ಯಾಲಯದಲ್ಲಿ ಸೆಪ್ಟೆಂಬರ್‌ನಿಂದ ಡಿಸೆಂಬರ್. ತಮ್ಮ ಕಾಲೇಜಿನ ಪ್ಲೇಸ್‌ಮೆಂಟ್ ಜನವರಿಯಲ್ಲಿದ್ದವರಿಗೆ ಈ ಎರಡನೆಯ ವೇಳಾಪಟ್ಟಿಯೇ ಹೊಂದುತ್ತದೆ.