ರಟ್ಟಿಗಾಗಿ ಊರೆಲ್ಲ ಅಲೆಯಬೇಡಿ

ಪೇಪರ್ ಮಾಡೆಲ್ ಮಾಡುವ ಹುಮ್ಮಸ್ಸು ಬಂದ ಕೂಡಲೇ ನೀವು ಅಂಗಡಿಗೆ ಓಡುತ್ತೀರಿ. "ದಪ್ಪ ಪೇಪರ್ ಕೊಡಿ" ಅನ್ನುತ್ತೀರಿ. ಯಾವುದು ಖರ್ಚಾಗದೆ ಉಳಿದಿದೆಯೋ ಅದನ್ನೇ ಅವನು ಸುತ್ತಿ ಕೊಡುತ್ತಾನೆ. ಮನೆಯಲ್ಲಿ ನೋಡಿದರೆ ಅಟ್ಟದ ಮೇಲೆ ಹಳೇ ಲಗ್ನಪತ್ರಿಕೆಗಳ ಕಟ್ಟು, ಬೀರುವಿನಲ್ಲಿ ಹೊಸ ಶರ್ಟಿನೊಳಗಿನ ರಟ್ಟು, ಗೋಡೆಯಲ್ಲಿ ಹೋದ ವರ್ಷದ ಕ್ಯಾಲೆಂಡರು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ!

ಮೊದಲು ಎಷ್ಟು ದಪ್ಪ ಬೇಕು ಅನ್ನುವುದನ್ನು ತಿಳಿದುಕೊಳ್ಳಿ. ಅಂಗಡಿಯವರು ಹೇಳುವ ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. ಜೆರಾಕ್ಸ್ ಹಾಳೆ 70ರಿಂದ 80. ಸಣ್ಣ ಮನೆ, ಕಾರು, ಬೊಂಬೆಗೆ 160ರಿಂದ 200 ಸಾಕು. ಅಗಲವಾದ ಗೋಡೆಗೆ 250 ಇರಲಿ. ದಪ್ಪ ಇದ್ದಷ್ಟೂ ಒಳ್ಳೆಯದು ಅಂತ 300 ತಂದು ಅದರಲ್ಲೇ ಪುಟ್ಟ ಕಿಟಕಿ ಮಡಿಸಲು ಕೂತರೆ ಮೂಲೆಗಳು ಬಾಯಿ ಬಿಡುತ್ತವೆ. ಅತಿ ಆಸೆ ಗತಿಗೇಡು.

ಮನೆಯಲ್ಲಿ ಸಿಕ್ಕ ರಟ್ಟಿನ ಲೆಕ್ಕ ತಿಳಿಯಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಎ4 ಅಳತೆಗೆ ಕತ್ತರಿಸಿ ತೂಗಿ, ಬಂದ ಗ್ರಾಂ ಅನ್ನು 16ರಿಂದ ಗುಣಿಸಿ. 10 ಗ್ರಾಂ ಬಂದರೆ 160 ಜಿಎಸ್‌ಎಂ. ಇಷ್ಟೇ.

ಲಗ್ನಪತ್ರಿಕೆಯ ಕಾಗದ ಗಟ್ಟಿ, ಆದರೆ ಬಂಗಾರದ ಬಣ್ಣ ಮೆತ್ತಿದ ಜಾಗದಲ್ಲಿ ಗೋಂದು ಹಿಡಿಯುವುದಿಲ್ಲ. ಗಣಪತಿಯ ಚಿತ್ರವನ್ನು ಮೊದಲೇ ಕತ್ತರಿಸಿ ಬೇರೆ ಇಡಿ. ಅದರ ಮೇಲೆ ಬ್ಲೇಡು ಆಡಿಸುವುದು ಹಿರಿಯರ ಕಣ್ಣಿಗೆ ಬಿದ್ದರೆ ಆ ದಿನ ಮಾಡೆಲ್ಲೂ ಇಲ್ಲ, ಊಟವೂ ಇಲ್ಲ. ಸೋಪು, ಟೂತ್‌ಪೇಸ್ಟಿನ ಡಬ್ಬಿಗಳೂ ಆಗುತ್ತವೆ. ಅವುಗಳ ನುಣುಪು ಮುಖಕ್ಕಲ್ಲ, ಒಳಗಿನ ಬೂದು ಮುಖಕ್ಕೆ ಅಂಟು ಹಚ್ಚಿ. ಸ್ವೀಟ್ ಬಾಕ್ಸ್ ಮಾತ್ರ ಬೇಡವೇ ಬೇಡ. ಜಿಡ್ಡಿಗೆ ಅಂಟು ನಿಲ್ಲುವುದಿಲ್ಲ, ಇರುವೆ ಬರುವುದು ತಪ್ಪುವುದಿಲ್ಲ.

ಕೊಳ್ಳಲೇಬೇಕಾದರೆ ಬೆಂಗಳೂರಿನವರು ಅವೆನ್ಯೂ ರಸ್ತೆ, ಸುಲ್ತಾನ್‌ಪೇಟೆ ಕಡೆ ಹೋಗಿ. ಎ4 ಪ್ಯಾಕೆಟ್ ಬೇಡ, ಪೂರ್ತಿ ಶೀಟು ಕೇಳಿ. ಸಾಮಾನ್ಯವಾಗಿ ಅದೇ ಅಗ್ಗ. ಬೇರೆ ಊರುಗಳಲ್ಲಿ ಪ್ರಿಂಟಿಂಗ್ ಪ್ರೆಸ್ಸಿನವರನ್ನು ವಿಚಾರಿಸಿ. ಕಟಿಂಗ್ ಮಾಡಿ ಮಿಕ್ಕ ಪಟ್ಟಿಗಳನ್ನು ಅವರು ರದ್ದಿಗೆ ಹಾಕುತ್ತಾರೆ. ಮದುವೆ ಸೀಸನ್ನಿನಲ್ಲಿ, ಅವರು ಉಸಿರಾಡಲೂ ಪುರುಸೊತ್ತಿಲ್ಲದೆ ಓಡಾಡುವಾಗ ಹೋಗಿ ಪೀಡಿಸಬೇಡಿ.

ಇನ್ನು, ಯಾರೂ ಗಮನಿಸದ ಸಂಗತಿ ಒಂದಿದೆ. ಮರಕ್ಕಿದ್ದಂತೆ ರಟ್ಟಿಗೂ ಎಳೆ ಇರುತ್ತದೆ. ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಮೆಲ್ಲಗೆ ಬಗ್ಗಿಸಿ ನೋಡಿ. ಯಾವ ಕಡೆ ಸಲೀಸಾಗಿ ಬಾಗುತ್ತದೋ ಆ ಮಡಿಕೆಯ ಗುಂಟವೇ ಎಳೆ ಓಡಿದೆ ಅಂತ ತಿಳಿಯಿರಿ. ಗೋಳಗುಮ್ಮಟದ ಮಾಡೆಲ್ ಮಾಡುತ್ತೀರಿ ಅನ್ನಿ. ಮೂಲೆಯ ಮಿನಾರುಗಳಿಗೆ ಎಂಟು ಮುಖ. ಅಂಟಿಸುವ ಪಟ್ಟಿ ಸೇರಿದರೆ ಒಂದೊಂದಕ್ಕೂ ಎಂಟು ಉದ್ದ ಮಡಿಕೆ. ಎಳೆ ಮಿನಾರಿನ ಉದ್ದಕ್ಕಿದ್ದರೆ ಎಂಟೂ ನೆಟ್ಟಗೆ ಬರುತ್ತವೆ. ಅಡ್ಡಕ್ಕಿದ್ದರೆ ಒಂದೊಂದು ಮಡಿಕೆಯೂ ಸೀಳಿ ನಾರು ಏಳುತ್ತದೆ. ಆಗ ನೀವು ರಟ್ಟನ್ನು ಬೈಯುತ್ತೀರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಮಡಿಸುವ ಮುಂಚೆ ಇಂಕು ಮುಗಿದ ಬಾಲ್‌ಪೆನ್ನಿನಿಂದ, ಸ್ಟೀಲ್ ಸ್ಕೇಲ್ ಹಿಡಿದು ಒಂದು ಗೆರೆ ಒತ್ತಿ ಎಳೆಯಿರಿ.

ಪ್ರಿಂಟರಿಗೆ ಸಿಕ್ಕಿದ್ದನ್ನೆಲ್ಲ ತುರುಕಬೇಡಿ. ಅದು ಎಷ್ಟು ಜಿಎಸ್‌ಎಂ ತಡೆಯುತ್ತದೆ ಅಂತ ಅದರ ಪುಸ್ತಕದಲ್ಲೇ ಬರೆದಿರುತ್ತದೆ, ಒಮ್ಮೆ ತೆರೆದು ನೋಡಿದರೆ ಗಂಟೇನೂ ಹೋಗುವುದಿಲ್ಲ. ತಡೆಯದಿದ್ದರೆ ಜೆರಾಕ್ಸ್ ಹಾಳೆಯಲ್ಲಿ ಪ್ರಿಂಟ್ ತೆಗೆದು ರಟ್ಟಿಗೆ ಅಂಟಿಸಿ. ಫೆವಿಕಾಲ್ ತೆಳ್ಳಗೆ ಸವರಿ, ಮೇಲೆ ದಪ್ಪ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ. ಆತುರಗಾರನಿಗೆ ಬುದ್ಧಿ ಮಟ್ಟ. ಹಸಿಯಿರುವಾಗಲೇ ಕತ್ತರಿ ಹಾಕಿದರೆ ಹಾಳೆ ಸುಕ್ಕಾಗುತ್ತದೆ.

ಮಿಕ್ಕ ರಟ್ಟನ್ನು ಸುರುಳಿ ಸುತ್ತಿ ಮೂಲೆಗೆ ನಿಲ್ಲಿಸಬೇಡಿ, ಆ ಬಾಗು ಮತ್ತೆ ಸುಲಭಕ್ಕೆ ಹೋಗದು. ಹಾಸಿಗೆಯ ಕೆಳಗೆ ಸಪಾಟಾಗಿ ಹಾಸಿಡಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಬಾಯಿ ಕಟ್ಟಿ, ಮೇಲೆ ಎಷ್ಟು ಜಿಎಸ್‌ಎಂ ಅಂತ ಬರೆದಿಡಿ.